ವಿಂಡೋಲ್ಯಾಂಡಾದಲ್ಲಿ ಮಳೆ ಉಳಿಸಿಕೊಟ್ಟ ಪತ್ರಗಳು

ಹ್ಯಾಡ್ರಿಯನ್ ಗೋಡೆ ನೋಡಲು ಹೋಗುವವರು ಬಿಸಿಲಿಗೆ ಕಾಯುತ್ತಾರೆ. ನನ್ನನ್ನು ಕೇಳಿದರೆ ಮಳೆ ದಿನವೇ ಹೋಗಿ ಎನ್ನುತ್ತೇನೆ. ಉತ್ತರ ಇಂಗ್ಲೆಂಡಿನ ಆ ರೋಮನ್ ಕೋಟೆಗಳಿಗೂ ಮಳೆಗೂ ಇರುವ ನಂಟು ಅಲ್ಲಿ ನೆನೆಯುತ್ತಾ ನಿಂತಾಗ ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ನಾನೂ ಅಕ್ಕನೂ ನ್ಯೂಕಾಸಲ್‌ನಿಂದ ಹೆಕ್ಸಮ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಗೋಡೆಯ ಕಡೆಗೆ ಹೋಗುವ ಬಸ್ ಹಿಡಿದೆವು. ಬಸ್ಸಿನ ನಂಬರು ಎಡಿ 122. ಚಕ್ರವರ್ತಿ ಹ್ಯಾಡ್ರಿಯನ್ ಬ್ರಿಟನ್ನಿಗೆ ಬಂದು ಗೋಡೆ ಕಟ್ಟಲು ಹೇಳಿದ್ದು ಕ್ರಿ.ಶ. 122ರಲ್ಲಿ, ಅದಕ್ಕೇ ಆ ನಂಬರು. ಪೂರ್ವದ ವಾಲ್ಸೆಂಡ್‌ನಿಂದ ಪಶ್ಚಿಮದ ಬೋನೆಸ್‌ವರೆಗೆ ಸುಮಾರು 117 ಕಿಲೋಮೀಟರ್ ಗೋಡೆ. ಮೂರು ಲೀಜನ್‌ಗಳ, ಅಂದರೆ ರೋಮನ್ ಸೇನೆಯ ದೊಡ್ಡ ಪಡೆಗಳ, ಸೈನಿಕರು ಕಟ್ಟಿದ್ದು. ದಾರಿಯುದ್ದಕ್ಕೂ ಕಿಟಕಿ ಮಂಜು ಹಿಡಿದಿತ್ತು, ಒರೆಸಿ ಒರೆಸಿ ನೋಡಬೇಕಿತ್ತು.

ಮೊದಲು ಇಳಿದದ್ದು ಹೌಸ್‌ಸ್ಟೆಡ್ಸ್‌ನಲ್ಲಿ. ರಸ್ತೆಯಿಂದ ಹುಲ್ಲುಗಾವಲಿನ ನಡುವೆ ಮೇಲಕ್ಕೆ ಹತ್ತಬೇಕು. ಕೋಟೆ ಇರುವುದು ಗುಡ್ಡದ ಮೇಲೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟೇ ಗತಿ. ಸುಮಾರು 800 ಸೈನಿಕರು ಇಲ್ಲಿದ್ದರು. ಅವರಲ್ಲಿ ಟುಂಗ್ರಿಯನ್ನರು ಬಹಳ ಕಾಲ ಇದ್ದರು, ಅಂದರೆ ಈಗಿನ ಬೆಲ್ಜಿಯಂ ಕಡೆಯವರು. ಕಟ್ಟಡಗಳಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ಗೋಡೆಗಳ ತಳಭಾಗ. ಆದರೆ ಯಾವುದು ಎಲ್ಲಿತ್ತು ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಣಜದ ನೆಲವನ್ನು ಗಿಡ್ಡ ಕಲ್ಲುಕಂಬಗಳ ಮೇಲೆ ಎತ್ತಿ ಕಟ್ಟಿದ್ದರು, ಕೆಳಗೆ ಗಾಳಿಯಾಡಿ ಧಾನ್ಯಕ್ಕೆ ತೇವ ತಾಗದಿರಲಿ ಅಂತ. ಆ ಕಂಬಗಳ ಸಾಲು ಈಗಲೂ ನಿಂತಿದೆ.

ಅಕ್ಕ ಸಿವಿಲ್ ಎಂಜಿನಿಯರ್. ಅವಳು ನೇರವಾಗಿ ಹೋದದ್ದು ಆಗ್ನೇಯ ಮೂಲೆಯ ಶೌಚಾಲಯಕ್ಕೆ.

"ಬಾರೇ ಇಲ್ಲಿ, ನೀರು ಎತ್ತ ಹೋಗ್ತಿದೆ ನೋಡು" ಅಂತ ಕರೆದಳು.

ಕೋಟೆಯಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗ ಅದು. ಮೇಲಿನಿಂದ ಹುಲ್ಲಿನ ಮೇಲೆ ಹರಿದು ಬಂದ ಮಳೆನೀರು ನಮ್ಮ ಕಣ್ಣೆದುರೇ ಆ ಮೂಲೆಗೆ ಸೇರುತ್ತಿತ್ತು. ಗುಡ್ಡದ ಮೇಲೆ ಹೊಳೆ ಇಲ್ಲ, ಕಾಲುವೆ ತರುವ ಹಾಗೂ ಇಲ್ಲ. ಹಾಗಾಗಿ ಸೂರಿನ ನೀರನ್ನು ಕಲ್ಲಿನ ತೊಟ್ಟಿಗಳಲ್ಲಿ ಹಿಡಿದಿಟ್ಟು ಬಳಸುತ್ತಿದ್ದರು. ಶೌಚಾಲಯದ ಪಕ್ಕದ ತೊಟ್ಟಿಯನ್ನು ದೊಡ್ಡ ಚಪ್ಪಡಿಗಳನ್ನು ಜೋಡಿಸಿ ಮಾಡಿದ್ದಾರೆ, ಸೋರದಂತೆ ಸಂದಿಗೆ ಸೀಸ ಹಾಕಿದ್ದರು. ಚಪ್ಪಡಿಗಳ ಅಂಚು ಸವೆದು ಅಲ್ಲಲ್ಲಿ ಬಳುಕಿದಂತಾಗಿದೆ. ಒಳಗೆ ಎರಡೂ ಬದಿಗೆ ಆಳವಾದ ಚರಂಡಿ, ಅದರ ಮೇಲೆ ಮರದ ಆಸನಗಳಿದ್ದವು. ನಡುವಿನ ಜಗುಲಿಯಲ್ಲಿ ಸಣ್ಣ ಕಾಲುವೆ ಕೊರೆದಿದ್ದಾರೆ, ಅದು ತೊಳೆದುಕೊಳ್ಳಲು. ಅಕ್ಕ ಮಂಡಿಯೂರಿ ಕೂತು ಇಳಿಜಾರನ್ನು ಅಂಗೈಯಲ್ಲಿ ಅಳೆಯುತ್ತಿದ್ದಳು. ಬರುವ ಮಳೆಯನ್ನೇ ಕೆಲಸಕ್ಕೆ ಹಚ್ಚಿದ ಆ ಜಾಣ್ಮೆ ಕಂಡು ಅವಳಿಗೆ ಆದ ಖುಷಿ ನನಗೂ ಹತ್ತಿತು.

ಆಮೇಲೆ ವಿಂಡೋಲ್ಯಾಂಡಾ. ಗೋಡೆಯಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರ, ಆದರೆ ಗೋಡೆಗಿಂತ ಹಳೆಯದು. ಕ್ರಿ.ಶ. 85ರ ಹೊತ್ತಿಗೇ ಇಲ್ಲಿ ಮರದ ಕೋಟೆ ಇತ್ತು. ನಾನು ಈ ಪ್ರವಾಸ ಹೊರಟಿದ್ದೇ ಇದಕ್ಕಾಗಿ.

ಒಂದು ಪಡೆ ಹೋಗಿ ಇನ್ನೊಂದು ಪಡೆ ಬಂದಾಗ ಹಳೆಯ ಮರದ ಕಟ್ಟಡಗಳನ್ನು ಕೆಡವಿ, ಮೇಲೆ ಜೇಡಿಮಣ್ಣನ್ನೋ ಹುಲ್ಲುಹೆಂಟೆಯನ್ನೋ ಹಾಸಿ, ಅದರ ಮೇಲೆ ಹೊಸದು ಕಟ್ಟುತ್ತಿದ್ದರು. ಹೀಗೆ ಒಂದರ ಮೇಲೊಂದು ಕೋಟೆ. ತಳದ ಪದರಗಳು ಸದಾ ಒದ್ದೆ, ಅಲ್ಲಿಗೆ ಗಾಳಿ ಹೋಗುವುದೇ ಇಲ್ಲ. ಗಾಳಿ ಇಲ್ಲದ ಕಡೆ ಮರ, ಚರ್ಮ, ಬಟ್ಟೆ ಸುಲಭಕ್ಕೆ ಕೊಳೆಯುವುದಿಲ್ಲ. ಬೇರೆ ಕಡೆ ಮಣ್ಣಾಗಿ ಹೋಗುವ ವಸ್ತುಗಳೆಲ್ಲ ಇಲ್ಲಿ ಉಳಿದಿವೆ. ಪಾದರಕ್ಷೆಗಳೇ 5,000ಕ್ಕಿಂತ ಜಾಸ್ತಿ ಸಿಕ್ಕಿವೆ. 2017ರಲ್ಲಿ ಬಾಕ್ಸಿಂಗ್ ಗ್ಲೌಸ್ ಕೂಡ ಸಿಕ್ಕಿತು.

1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಅಗೆಯುತ್ತಿದ್ದಾಗ ಮರದ ತೆಳು ಸಿಪ್ಪೆಯಂಥ ತುಂಡುಗಳು ಸಿಕ್ಕವು. ಬಿಡಿಸಿ ನೋಡಿದರೆ ಒಳಗೆ ಶಾಯಿಯ ಬರಹ! ಗಾಳಿ ತಾಗಿ ಅದು ಬೇಗನೆ ಮಸುಕಾಯಿತು. ಇನ್‌ಫ್ರಾರೆಡ್ ಫೋಟೋ ತೆಗೆದ ಮೇಲೆ ಮತ್ತೆ ಓದಲು ಬಂತು. ಯಾರೋ ಒಬ್ಬ ಸೈನಿಕನಿಗೆ ಕಾಲುಚೀಲ, ಎರಡು ಜೊತೆ ಸ್ಯಾಂಡಲ್, ಎರಡು ಒಳಚಡ್ಡಿ ಕಳಿಸಿದ್ದೇನೆ ಎನ್ನುವ ಪತ್ರ ಅದು. ಈ ಚಳಿಗೆ ಬಂದವನಿಗೆ ಮನೆಯವರು ಇನ್ನೇನು ಕಳಿಸುತ್ತಾರೆ, ಅಲ್ವಾ?

ಅಲ್ಲಿಂದ ಈಚೆಗೆ ನೂರಾರು ಪತ್ರಗಳು ಸಿಕ್ಕಿವೆ. ನನಗೆ ತುಂಬಾ ಪ್ರೀತಿಯದು ಕ್ಲಾಡಿಯಾ ಸೆವೆರಾ ಬರೆದದ್ದು. ಅವಳು ಇನ್ನೊಂದು ಕೋಟೆಯ ಅಧಿಕಾರಿಯ ಹೆಂಡತಿ. ವಿಂಡೋಲ್ಯಾಂಡಾದಲ್ಲಿ ಬಟಾವಿಯನ್ನರ (ಈಗಿನ ನೆದರ್‌ಲ್ಯಾಂಡ್ಸ್ ಕಡೆಯವರ) ಪಡೆಯ ಮುಖ್ಯಸ್ಥನಾಗಿದ್ದ ಫ್ಲೇವಿಯಸ್ ಸೀರಿಯಾಲಿಸ್‌ನ ಹೆಂಡತಿ ಸಲ್ಪಿಸಿಯಾ ಲೆಪಿಡೀನಾಗೆ ಬರೆದಿದ್ದಾಳೆ. ಸೆಪ್ಟೆಂಬರ್ 11 ನನ್ನ ಹುಟ್ಟುಹಬ್ಬ, ನೀನು ಬಂದರೆ ಆ ದಿನಕ್ಕೆ ಇನ್ನೂ ಕಳೆ ಬರುತ್ತದೆ, ಬಾ ಅಂತ ಕರೆಯುತ್ತಾಳೆ. ಪತ್ರದ ಹೆಚ್ಚಿನ ಭಾಗ ಬರೆದದ್ದು ಗುಮಾಸ್ತ, ದುಂಡಗಿನ ಕೈ. ಕೊನೆಯ ಸಾಲುಗಳ ಅಕ್ಷರ ಬೇರೆ, ಅಷ್ಟು ನೀಟಾಗಿಲ್ಲ. ಅದು ಸೆವೆರಾಳದೇ ಕೈ. ನಿನಗಾಗಿ ಕಾಯುತ್ತಿರುತ್ತೇನೆ ಸೋದರಿ, ನನ್ನ ಜೀವವೇ, ಚೆನ್ನಾಗಿರು ಅನ್ನುತ್ತಾಳೆ. ಹೆಣ್ಣೊಬ್ಬಳು ಲ್ಯಾಟಿನ್‌ನಲ್ಲಿ ಸ್ವಂತ ಕೈಯಿಂದ ಬರೆದು ಇಂದಿಗೂ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಸುಮಾರು ಕ್ರಿ.ಶ. 100ರದ್ದು. ಪತ್ರ ಬ್ರಿಟಿಷ್ ಮ್ಯೂಸಿಯಂಗೆ ಸೇರಿದೆ.

ಅಂಥ ಕೆಲವು ಪತ್ರಗಳು ವಿಂಡೋಲ್ಯಾಂಡಾದ ಮ್ಯೂಸಿಯಂನಲ್ಲೇ ಗಾಜಿನೊಳಗೆ, ಮಂದ ಬೆಳಕಿನಲ್ಲಿವೆ. ಒಂದೊಂದೂ ಪೋಸ್ಟ್‌ಕಾರ್ಡ್‌ನಷ್ಟು ಅಗಲ, ಒಂದೆರಡು ಮಿಲಿಮೀಟರ್ ದಪ್ಪ. ಲೆಪಿಡೀನಾಳದೇ ಇರಬೇಕು ಎನ್ನಲಾದ ಒಂದು ಚಪ್ಪಲಿಯೂ ಇದೆ. ಅದರ ಚರ್ಮದ ಮೇಲೆ ಎಬುಟಿಯಸ್ ಥೇಲ್ಸ್ ಎಂಬ ಕುಶಲಕರ್ಮಿಯ ಮುದ್ರೆ ಒತ್ತಲಾಗಿದೆ.

ಅಕ್ಕ ಅದರ ಮುಂದೆ ತುಂಬಾ ಹೊತ್ತು ನಿಂತಳು. "ಇವಳು ಹುಟ್ಟುಹಬ್ಬಕ್ಕೆ ಹೋಗಿದ್ಲಾ?" ಅಂತ ಕೇಳಿದಳು. ಅದು ಯಾವ ಪತ್ರದಲ್ಲೂ ಸಿಕ್ಕಿಲ್ಲ. ಹೋಗಿರಲಿ ಅಂತ ನನ್ನ ಆಸೆ.

ಇಷ್ಟೆಲ್ಲ ಉಳಿದಿದ್ದರ ಹಿಂದೆ ಇನ್ನೊಂದು ಸಂಗತಿ ಇದೆ. ಕ್ರಿ.ಶ. 105ರ ಸುಮಾರಿಗೆ ಬಟಾವಿಯನ್ನರು ಡಾನ್ಯೂಬ್ ನದಿಯ ಕಡೆಯ ಯುದ್ಧಕ್ಕೆ ಹೊರಟರು. ಹೊರಡುವ ಮೊದಲು ಬೇಡದ ಕಾಗದಪತ್ರಗಳನ್ನೆಲ್ಲ ರಾಶಿ ಹಾಕಿ ಬೆಂಕಿ ಇಟ್ಟರು. ಆದರೆ ರಾಶಿ ಪೂರ್ತಿ ಉರಿಯಲಿಲ್ಲ. ಮಳೆ ಬಂದು ಬೆಂಕಿ ಆರಿರಬೇಕು ಎನ್ನುವುದು ಅಗೆದವರ ಊಹೆ. ಅದನ್ನು ಓದಿ ಹೊರಗೆ ಬಂದಾಗ ಮಳೆ ಇನ್ನೂ ಸುರಿಯುತ್ತಲೇ ಇತ್ತು. ನಾನು ರೇನ್‌ಕೋಟಿನ ಟೋಪಿ ತೆಗೆದು ಸುಮ್ನೆ ನಿಂತೆ.

ಈಗಿನ ಚಿಂತೆ ಮಳೆ ಅಲ್ಲ, ಒಣಗುತ್ತಿರುವ ನೆಲ. ಹವಾಮಾನ ಬದಲಾಗಿ ಈ ಕಡೆಯ ಜೌಗು ಮಣ್ಣು ಒಣಗಿ ಬಿರುಕು ಬಿಟ್ಟರೆ ಒಳಗೆ ಗಾಳಿ ಹೋಗುತ್ತದೆ. ಆಮೇಲೆ ಚರ್ಮ, ಮರ, ಬರಹ ಯಾವುದೂ ಉಳಿಯುವುದಿಲ್ಲ. ಪಶ್ಚಿಮಕ್ಕಿರುವ ಮ್ಯಾಗ್ನಾ ಕೋಟೆಯಲ್ಲಿ ಇದೇ ಕಾರಣಕ್ಕೆ 2023ರಲ್ಲಿ ಐದು ವರ್ಷದ ಉತ್ಖನನ ಶುರು ಮಾಡಿದ್ದಾರೆ, ಮಣ್ಣಿನ ತೇವವನ್ನೂ ಅಳೆಯುತ್ತಿದ್ದಾರೆ. ವಿಂಡೋಲ್ಯಾಂಡಾದಂತೆ ಅಲ್ಲೂ ಸ್ವಯಂಸೇವಕರು ಬಂದು ಅಗೆಯುತ್ತಾರೆ. ಅಕ್ಕ ಹೆಸರು ಕೊಡುತ್ತೇನೆ ಅನ್ನುತ್ತಿದ್ದಾಳೆ. ನಾನೂ ಅವಳ ಜೊತೆ ಹೋಗುತ್ತೇನೆ.