ಡೈರೆಕ್ಟರ್ ರಿಟೈರ್ ಆಗುವ ಮೊದಲೇ ಆಗಬೇಕಾದ ಕೆಲಸ

ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನ (ಮುಖ್ಯವಾಗಿ ಎರಡು ವರ್ಷದ ಕೋರ್ಸುಗಳಿರುವ ಸ್ಥಳೀಯ ಕಾಲೇಜು) ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ, ಅಂದರೆ ವಿದ್ಯಾರ್ಥಿಗಳ ಹಣಕಾಸಿನ ನೆರವು ನೋಡಿಕೊಳ್ಳುವ ಕಡೆ, ನನ್ನ ಕೆಲಸ. ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರ ಕೊಡುವ ಸಹಾಯಧನ), ಸಾಲ, ವರ್ಕ್-ಸ್ಟಡಿ (ಓದುತ್ತಲೇ ಮಾಡುವ ಕೆಲಸದ ಸಂಬಳ) ಎಲ್ಲ ನಮ್ಮ ಮೂಲಕವೇ ವಿದ್ಯಾರ್ಥಿಗಳಿಗೆ ತಲುಪಬೇಕು.

ಮುಂದಿನ ನಾಯಕರನ್ನು ತಯಾರು ಮಾಡುವ ಮಾತು ಬಂದರೆ ಎಲ್ಲರ ಕಣ್ಣೂ ಪ್ರೆಸಿಡೆಂಟ್ ಕುರ್ಚಿ ಮೇಲೆ. ಆ ಕುರ್ಚಿ ಖಾಲಿಯಾದರೆ ಬೋರ್ಡ್ ಒಬ್ಬ ತಾತ್ಕಾಲಿಕ ಪ್ರೆಸಿಡೆಂಟನ್ನು ಕೂರಿಸುತ್ತದೆ, ಹುಡುಕಾಟ ಶುರುವಾಗುತ್ತದೆ, ಕಾಲೇಜು ನಡೀತಾ ಇರುತ್ತದೆ. ರಿಜಿಸ್ಟ್ರಾರ್ (ವಿದ್ಯಾರ್ಥಿಗಳ ದಾಖಲಾತಿ ನೋಡಿಕೊಳ್ಳುವವರು) ಅಥವಾ ನಮ್ಮ ಆಫೀಸಿನ ಮುಖ್ಯಸ್ಥರಾದ ಏಡ್ ಡೈರೆಕ್ಟರ್ ಹೋದರೆ ಹಾಗಲ್ಲ, ಮಾರನೇ ದಿನವೇ ಬಿಸಿ ತಟ್ಟುತ್ತದೆ. ಸೆಮಿಸ್ಟರಿನ ಶೇ. 60 ಮುಗಿಯುವ ಮೊದಲೇ ವಿದ್ಯಾರ್ಥಿ ಓದು ಬಿಟ್ಟರೆ, ಕೇಂದ್ರ ಸರ್ಕಾರದ ನೆರವಿನಲ್ಲಿ ಎಷ್ಟು ಹಣ ವಾಪಸ್ ಹೋಗಬೇಕು ಅಂತ ಲೆಕ್ಕ ಹಾಕಬೇಕು. ಕಾಲೇಜಿನ ಪಾಲನ್ನು, ವಿದ್ಯಾರ್ಥಿ ಬಿಟ್ಟಿದ್ದು ಗೊತ್ತಾದ 45 ದಿನದೊಳಗೆ ಹಿಂತಿರುಗಿಸಬೇಕು. ಕುರ್ಚಿ ಖಾಲಿ ಇದೆ ಅಂತ ಗಡುವು ಮುಂದಕ್ಕೆ ಹೋಗುವುದಿಲ್ಲ.

ಈ ಚಿಂತೆ ಹೊಸದಲ್ಲ. 1960ರ ದಶಕದಲ್ಲಿ ಇಲ್ಲಿ ನೂರಾರು ಕಮ್ಯುನಿಟಿ ಕಾಲೇಜುಗಳು ಹುಟ್ಟಿದವು. ಆಗ ಸೇರಿದ ತಲೆಮಾರು ಹೆಚ್ಚುಕಮ್ಮಿ ಒಟ್ಟಿಗೇ ನಿವೃತ್ತಿಗೆ ಬಂತು. 2005ರಲ್ಲಿ ಅಮೆರಿಕನ್ ಅಸೋಸಿಯೇಷನ್ ಆಫ್ ಕಮ್ಯುನಿಟಿ ಕಾಲೇಜಸ್, ನಾಯಕರಿಗೆ ಬೇಕಾದ ಆರು ಸಾಮರ್ಥ್ಯಗಳ ಪಟ್ಟಿ ಹೊರತಂದಿತು. 2018ರ ಮೂರನೇ ಆವೃತ್ತಿಯಲ್ಲಿ ಬೋಧಕರನ್ನೂ ಮಧ್ಯದ ಹಂತದವರನ್ನೂ ಸೇರಿಸಿತು. ನನ್ನ ಪ್ರಕಾರ ಅದೇ ಸರಿಯಾದ ಹೆಜ್ಜೆ.

ಆದರೆ ಪಟ್ಟಿ ಓದಿ, ವರ್ಕ್‌ಶಾಪಿಗೆ ಹೋಗಿ ಬಂದ ಮಾತ್ರಕ್ಕೆ ಯಾರೂ ತಯಾರಾಗುವುದಿಲ್ಲ. ತೀರ್ಮಾನ ಮಾಡುವ ಅಭ್ಯಾಸ ಆಗಬೇಕು. ನಮ್ಮಲ್ಲಿ 'ಪ್ರೊಫೆಷನಲ್ ಜಡ್ಜ್‌ಮೆಂಟ್' ಅಂತ ಒಂದಿದೆ. ನೆರವಿಗಾಗಿ ವಿದ್ಯಾರ್ಥಿಗಳು ತುಂಬುವ ಫಾಫ್ಸಾ (FAFSA) ಅರ್ಜಿ ಸುಮಾರು ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ ನೋಡುತ್ತದೆ. ಈ ವರ್ಷ ಅಪ್ಪನ ಕೆಲಸ ಹೋಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ, ಅಲ್ವಾ? ಅಂಥವರ ಆದಾಯವನ್ನು ದಾಖಲೆ ನೋಡಿ, ಒಂದೊಂದೇ ಕೇಸಾಗಿ ಬದಲಿಸುವ ಅಧಿಕಾರ ಏಡ್ ಆಫೀಸಿಗೆ ಕಾನೂನಿನಲ್ಲೇ ಇದೆ.

ಮೊದಲೆಲ್ಲ ನಮ್ಮ ಆಫೀಸಿನ ಅಡ್ವೈಸರ್‌ಗಳು ಕಾಗದ ಜೋಡಿಸಿ ಕೊಡುತ್ತಿದ್ದರು, ಡೈರೆಕ್ಟರ್ ಒಬ್ಬರೇ ನಿರ್ಧರಿಸುತ್ತಿದ್ದರು. ನಿವೃತ್ತಿಗೆ ಸಾಕಷ್ಟು ಮುಂಚೆಯೇ ಅವರು ಇದನ್ನು ತಿರುಗಿಸಿದರು. ಅಡ್ವೈಸರ್ ತನ್ನ ತೀರ್ಮಾನ ಮತ್ತು ಕಾರಣ ಬರೆದು ತರಬೇಕು, ಅವರು ಆಮೇಲೆ ಓದುತ್ತಾರೆ. ಒಬ್ಬ ಹುಡುಗಿಯ ಅರ್ಜಿಗೆ ನಮ್ಮ ಅಡ್ವೈಸರ್ 'ತಾಯಿಗೆ ಇನ್ನೂ ಕೆಲಸ ಇದೆ, ಬದಲಾವಣೆ ಬೇಡ' ಅಂತ ಬರೆದಿದ್ದ. ಡೈರೆಕ್ಟರ್ ತಿದ್ದಲಿಲ್ಲ. "ಅರ್ಜಿಯಲ್ಲಿರುವ ವರ್ಷದ ಸಂಬಳದಲ್ಲಿ ಓವರ್‌ಟೈಮ್ ಎಷ್ಟಿತ್ತು?" ಅಂತ ಮಾತ್ರ ಕೇಳಿದರು. ಅವನು ಸಂಬಳದ ಚೀಟಿಗಳನ್ನು ಮತ್ತೆ ಹರಡಿಕೊಂಡು ಕೂತ. ಓವರ್‌ಟೈಮ್ ಪೂರ್ತಿ ನಿಂತಿತ್ತು. ತೀರ್ಮಾನವನ್ನು ಅವನೇ ಬದಲಿಸಿದ. ಯಾವ ಮ್ಯಾನುಯಲ್‌ನಲ್ಲೂ ಬರೆದಿಡಲಾಗದ ವಿದ್ಯೆ ಇದು. ಹಳಬರು ಪಕ್ಕದಲ್ಲಿ ಇರುವಾಗಲೇ ಕೈಗೆ ಹತ್ತಬೇಕು.

ಇನ್ನೊಂದು ಕಷ್ಟ ಇದೆ. ಸರ್ಕಾರಿ ಕಾಲೇಜಿನಲ್ಲಿ "ಮುಂದಿನ ಡೈರೆಕ್ಟರ್ ನೀನೇ" ಅಂತ ಮಾತು ಕೊಡುವ ಹಾಗಿಲ್ಲ. ಹುದ್ದೆಯನ್ನು ಎಲ್ಲರಿಗೂ ತೆರೆದಿಡಬೇಕು, ಸರ್ಚ್ ಕಮಿಟಿ ಕೂರಬೇಕು. ಆದ್ದರಿಂದ ಒಬ್ಬರನ್ನೇ ಹಿಡಿದು ಬೆಳೆಸಬಾರದು. ಆಸಕ್ತಿ ಇರುವ ಎಲ್ಲರಿಗೂ ಅವಕಾಶ ಕೊಟ್ಟು, ಕೆಲಸ ಗ್ಯಾರಂಟಿ ಇಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ಜಾಸ್ತಿ ಜವಾಬ್ದಾರಿ ಹೊರಿಸಿದರೆ ಅದಕ್ಕೆ ಜಾಸ್ತಿ ಸಂಬಳವನ್ನೂ ಕೊಡಬೇಕು. ಸುಮ್ನೆ 'ಒಳ್ಳೇ ಅನುಭವ' ಅಂತ ದುಡಿಸಿಕೊಳ್ಳುವುದು ಅನ್ಯಾಯ. ತಯಾರಾದವರು ಬೇರೆ ಕಾಲೇಜಿಗೆ ಹೋಗಿಬಿಡುತ್ತಾರೆ ಅನ್ನುವವರೂ ಇದ್ದಾರೆ. ಹೋಗಲಿ. ಅಲ್ಲೂ ಇಂಥದೇ ವಿದ್ಯಾರ್ಥಿಗಳು ಇರುತ್ತಾರೆ.

ನನ್ನನ್ನು ಈಗ ಕಾಡುವುದು ಪಾರ್ಟ್‌ಟೈಮ್ ಬೋಧಕರ ವಿಷಯ. ಕಮ್ಯುನಿಟಿ ಕಾಲೇಜುಗಳ ಬೋಧಕರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. ತರಬೇತಿಗೆ ಹೆಸರು ಬರೆದುಕೊಳ್ಳುವಾಗ ಬಹಳ ಕಡೆ ಅವರ ನೆನಪೇ ಬರುವುದಿಲ್ಲ. ಮುಂದಿನ ವಿಭಾಗ ಮುಖ್ಯಸ್ಥರು, ಡೀನ್‌ಗಳು ಅವರ ನಡುವೆಯೂ ಇದ್ದಾರೆ. ಆ ತರಬೇತಿಗಳನ್ನು ಸಂಜೆ ಹೊತ್ತಿಗೆ ಇಟ್ಟು, ಬಂದವರಿಗೆ ಆ ಗಂಟೆಗಳ ಸಂಬಳ ಕೊಡುವುದರಿಂದ ಶುರು ಮಾಡಬಹುದು.