ಹಲ್ಲಿಗೆ ಕ್ಲಿಪ್ ಹಾಕಿಸಿದರೆ ದವಡೆಯ ಕಟಕಟ ನಿಲ್ಲುತ್ತದೆಯೇ?

ರಾಯಚೂರಿನಲ್ಲಿ ಹಲ್ಲಿನ ವೈದ್ಯನಾಗಿ ಕುಳಿತ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆಮನೆಯ ಪಂಕ್ತಿಯಲ್ಲೂ ಯಾರಾದರೊಬ್ಬರು ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ತೋರಿಸುತ್ತಾರೆ: "ಡಾಕ್ಟರೇ, ಇಲ್ಲಿ ಕಟ್ ಎನ್ನುತ್ತದೆ. ನನ್ನ ಹಲ್ಲು ಸೊಟ್ಟಗಿವೆಯಲ್ಲ, ಅದಕ್ಕೇ ಇರಬೇಕು. ಕ್ಲಿಪ್ ಹಾಕಿಸಿದರೆ ನಿಲ್ಲುತ್ತದೆಯೇ?"

ಆ ಸದ್ದಿಗಾಗಿಯೇ ಹಾಕಿಸಬೇಡಿ ಎನ್ನುತ್ತೇನೆ.

ಎರಡೂ ತೋರುಬೆರಳುಗಳನ್ನು ಕಿವಿಯ ಮುಂದೆ ಒತ್ತಿ ಮೆಲ್ಲಗೆ ಬಾಯಿ ತೆರೆಯಿರಿ. ಬೆರಳಿನಡಿ ಒಂದು ಗಂಟು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ತಿಳಿಯುತ್ತದೆ. ಅದು ಕೆಳದವಡೆಯ ತಲೆ. ಕಾಳುಗಟ್ಟಿದ ದೊಡ್ಡ ಶೇಂಗಾ ಬೀಜವನ್ನು ಅಡ್ಡಡ್ಡ ಇಟ್ಟಂತಿರುತ್ತದೆ: ಅಗಲ 15ರಿಂದ 20 ಮಿಲಿಮೀಟರ್, ದಪ್ಪ 8ರಿಂದ 10. ಕಣತಲೆಯ ಮೂಳೆಯಲ್ಲಿರುವ ಒಂದು ಗುಳಿ ಅದರ ಮನೆ. ಇವೆರಡೂ ಸೇರುವ ಜಾಗವೇ ದವಡೆಯ ಕೀಲು. ಓದುವಾಗ ಒಣಗಿದ ತಲೆಬುರುಡೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೆ. ಗುಳಿಯ ಮೇಲ್ಛಾವಣಿಯಿಂದ ಬೆಳಕು ತೂರಿ ಬಂತು, ಅಷ್ಟು ತೆಳು. ಅದರ ಮೇಲೆಯೇ ಮಿದುಳು. ಅಗಿಯುವ ಭಾರವನ್ನು ಹೊರುವುದು ಆ ಛಾವಣಿಯಲ್ಲ, ಗುಳಿಯ ಮುಂದಿನ ಇಳಿಜಾರು ಎಂದು ಅಂದು ಕಣ್ಣಾರೆ ಅರ್ಥವಾಯಿತು. ತಲೆಗೂ ಇಳಿಜಾರಿಗೂ ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ಅದು ಜಾಗ ತಪ್ಪಿ, ಬಾಯಿ ತೆರೆದಾಗ ಮರಳಿ ಕೂತರೆ ಕಟ್ ಎನ್ನುತ್ತದೆ.

ಹುಟ್ಟಿದ ಮಗುವಿನಲ್ಲಿ ಈ ಇಳಿಜಾರು ಹೆಚ್ಚುಕಡಿಮೆ ಸಪಾಟಾಗಿರುತ್ತದೆ. ಹಾಲುಹಲ್ಲು ಬಂದು ಅಗಿಯಲು ಕಲಿತಂತೆ ಏರುತ್ತದೆ. ಹೀಗಾಗಿ ಎಲ್ಲರ ಮೂಳೆಯೂ ಒಂದೇ ಅಚ್ಚಿನದಲ್ಲ. ಒಬ್ಬರದೇ ಎಡಬಲಗಳಲ್ಲೂ ವ್ಯತ್ಯಾಸವಿರುತ್ತದೆ. ಗದ್ದ ಹಿಂದೆ ಸರಿದ, ಉದ್ದ ಮುಖದವರಲ್ಲಿ ದವಡೆಯ ಆ ತಲೆ ಸಣ್ಣದಾಗಿರುವುದು ಹೆಚ್ಚು. ಆದರೆ ಹಲ್ಲು ಸೊಟ್ಟಗಿದ್ದೂ ಕೀಲು ನೋಯದವರು ಬಹಳ, ಹಲ್ಲು ಸಾಲಾಗಿದ್ದೂ ನೋವು ತಿನ್ನುವವರು ಬಹಳ.

ಲಿಂಗಸುಗೂರು ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಮುಂದಿನ ಹಲ್ಲುಗಳು ಕೂಡುತ್ತಿರಲಿಲ್ಲ, ರೊಟ್ಟಿಯನ್ನು ಪಕ್ಕದ ಹಲ್ಲಿನಿಂದ ಹರಿದು ತಿನ್ನುತ್ತಿದ್ದಳು. ಬೇರೊಂದು ಕಡೆ ದವಡೆಹಲ್ಲು ತೇಯಿಸಿ ಗಿಡ್ಡ ಮಾಡಿಸಿಕೊಳ್ಳಲು ಹೇಳಿದ್ದರಂತೆ. ಅವಳ ಮೊಬೈಲ್‌ನಲ್ಲಿ ಮದುವೆಯ ಫೋಟೋ ಇತ್ತು. ನಗುವಿನಲ್ಲಿ ಮೇಲಿನ ಹಲ್ಲು ಕೆಳಗಿನದನ್ನು ಚೆನ್ನಾಗಿಯೇ ಮುಚ್ಚಿತ್ತು! ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ, ಅಂದರೆ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ನೋಡಿದರೆ ಎರಡೂ ಕಡೆ ದವಡೆಯ ತಲೆ ಸವೆದು ಚಪ್ಪಟೆಯಾಗಿತ್ತು, ಅಂಚಿನಲ್ಲಿ ಮುಳ್ಳಿನಂತೆ ಮೂಳೆ ಬೆಳೆದಿತ್ತು. ದವಡೆಯ ಹಿಂಭಾಗ ಗಿಡ್ಡವಾಗಿ, ಹಿಂದಿನ ಹಲ್ಲು ಮೊದಲು ತಾಗಿ, ಮುಂದೆ ಬಾಯಿ ಬಿಟ್ಟುಕೊಂಡಿತ್ತು. ಮೊದಲು ಕೆಟ್ಟದ್ದು ಕೀಲು, ಹಲ್ಲಿನ ಹೊಂದಿಕೆ ತಪ್ಪಿದ್ದು ಆಮೇಲೆ. ಅಂದು ಹಲ್ಲು ತೇಯ್ದುಬಿಟ್ಟಿದ್ದರೆ ಆ ಹಲ್ಲನ್ನು ಮರಳಿ ಕೊಡುವವರು ಯಾರು? ಸಂಧಿವಾತದ ರಕ್ತಪರೀಕ್ಷೆಗೆ ಬರೆದೆ, ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ತಟ್ಟೆಯಂಥ ಹೊದಿಕೆ, ಅಂದರೆ ಸ್ಪ್ಲಿಂಟ್ ಮಾಡಿಕೊಟ್ಟೆ. ಮೂಳೆಯ ಸವೆತ ನಿಂತಿದೆ ಎಂದು ಖಚಿತವಾಗುವವರೆಗೆ ಹಲ್ಲು ಮುಟ್ಟಲಿಲ್ಲ.

ಸ್ಕ್ಯಾನ್ ಕಂಡೊಡನೆ ಹೆದರುವವರೂ ಇದ್ದಾರೆ. ಸಿಬಿಸಿಟಿ ಮೂಳೆಯನ್ನಷ್ಟೇ ತೋರಿಸುತ್ತದೆ, ಬಿಲ್ಲೆ ಕಾಣಬೇಕಾದರೆ ಎಂಆರ್‌ಐ ಬೇಕು. ದವಡೆಯ ತಲೆ ಚಪ್ಪಟೆಯಾಗಿರುವುದು ನೋವೇ ಇಲ್ಲದವರಲ್ಲೂ ಸಿಗುತ್ತದೆ. ನೋವಿಲ್ಲ, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಬಾಯಲ್ಲಿ ಹಿಡಿಸುತ್ತವೆ ಎಂದರೆ ಬರೀ ಸದ್ದಿಗೆ ಚಿಕಿತ್ಸೆ ಬೇಡ. ನೋವಿದ್ದರೆ ಕೆಲವು ವಾರ ಖಡಕ್ ರೊಟ್ಟಿ ಬಿಟ್ಟು, ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ, ಬಿಸಿನೀರಿನ ಬಟ್ಟೆಯ ಶಾಖ ಕೊಡಿ, ಆಕಳಿಸುವಾಗ ಗದ್ದಕ್ಕೆ ಕೈ ಆನಿಸಿ. ಹೆಚ್ಚಿನವರಿಗೆ ಇಷ್ಟರಲ್ಲೇ ಇಳಿಯುತ್ತದೆ.

ಸೊಟ್ಟ ಹಲ್ಲು ಉಜ್ಜಲು ಬರುತ್ತಿಲ್ಲ, ನಗಲು ಸಂಕೋಚ ಎಂದರೆ ಧಾರಾಳವಾಗಿ ಕ್ಲಿಪ್ ಹಾಕಿಸಿ. ಮೂರು ಬೆರಳು ಹಿಡಿಸುತ್ತಿಲ್ಲವೇ, ಅದರಲ್ಲೂ ಗುಟ್ಕಾ ಅಗಿಯುತ್ತೀರಾ? ಅದು ಕೀಲಿನದ್ದಲ್ಲದೆ ಕೆನ್ನೆಯ ಒಳಪದರ ಬಿಗಿಯುವ ಕಾಯಿಲೆಯೂ ಆಗಿರಬಹುದು. ಈ ವಾರವೇ ಬಂದು ತೋರಿಸಿ.