ಭಾಷೆ ಕಲಿಸುವವರ ಕೂಲಿ

ಕಳೆದ ವರ್ಷ ಆಟಿಯ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ಉಡುಪಿಗೂ ಕಾಪುವಿಗೂ ನಡುವಿನ ಕೊರಗ ಬುಡಕಟ್ಟಿನವರ ಕಾಲನಿಯೊಂದರ ಅಂಗನವಾಡಿ ಜಗಲಿಯಲ್ಲಿ ಕುಳಿತು ನಾವು ಐದು ಜನ ಅನುದಾನದ ಅರ್ಜಿಯೊಂದನ್ನು ತುಂಬಿಸುತ್ತಿದ್ದೆವು. ತಮ್ಮ ಮಕ್ಕಳು ಮನೆಯ ಮಾತನ್ನು ಮರೆಯುತ್ತಿದ್ದಾರೆ, ಹಿರಿಯರಿರುವಾಗಲೇ ಸಂಜೆ ಹೊತ್ತು ಅವರಿಂದ ಕೊರಗ ಭಾಷೆಯನ್ನು ಕಲಿಸಬೇಕು ಎಂದು ಕಾಲನಿಯ ಯುವಕರು ನಿರ್ಧರಿಸಿದ್ದರು. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದ ನನ್ನನ್ನು ಲೆಕ್ಕಪತ್ರದ ನೆರವಿಗೆಂದು ಕರೆದಿದ್ದರು. ಕಾಲನಿಯ ಹೆಸರು ಬರೆಯುವುದು ಬೇಡವೆಂದು ಅವರೇ ಹೇಳಿರುವುದರಿಂದ ಬರೆಯುವುದಿಲ್ಲ.

ಅರ್ಜಿಯಲ್ಲಿ ಖರ್ಚಿನ ಬಾಬುಗಳು ಅಚ್ಚುಕಟ್ಟಾಗಿದ್ದವು. ಧ್ವನಿಮುದ್ರಣದ ಉಪಕರಣಕ್ಕೆ ಇಷ್ಟು, ಪ್ರಯಾಣಕ್ಕೆ ಇಷ್ಟು, ಪುಸ್ತಕ ಮುದ್ರಣಕ್ಕೆ ಇಷ್ಟು, ಬಿಡುಗಡೆ ಸಮಾರಂಭಕ್ಕೆ ಇಷ್ಟು. ಸಂಪನ್ಮೂಲ ವ್ಯಕ್ತಿಗಳ ಸಂಭಾವನೆ ಎಂಬ ಒಂದು ಕಾಲಂ ಇತ್ತು. ಆದರೆ ಅದರ ಪಕ್ಕದಲ್ಲಿ ಶೈಕ್ಷಣಿಕ ಅರ್ಹತೆ ಎಂಬ ಇನ್ನೊಂದು ಕಾಲಂ ಇತ್ತು, ಸಂಭಾವನೆಯನ್ನು ಎರಡು ದಿನಗಳ ಕಾರ್ಯಾಗಾರಕ್ಕಷ್ಟೇ ಕೊಡಬಹುದೆಂಬ ಷರತ್ತೂ ಇತ್ತು. ಅಷ್ಟು ಹೊತ್ತು ಬಾಗಿಲ ಬಳಿ ಕುಳಿತು ಬಿಳಲಿನ ಸಿಪ್ಪೆ ಸುಲಿಯುತ್ತಿದ್ದ ಹಿರಿಯ ಮಹಿಳೆಯೊಬ್ಬರು ತಲೆಯೆತ್ತಿ ತುಳುವಿನಲ್ಲಿ ಕೇಳಿದರು: "ನಾನು ಬಂದು ಮಕ್ಕಳ ಜೊತೆ ಕೂತರೆ ಆ ಹೊತ್ತಿನ ಬುಟ್ಟಿ ಹೆಣೆಯುವವರು ಯಾರು ಅಣ್ಣಾ?"

ನನ್ನ ಬಳಿ ಉತ್ತರವಿರಲಿಲ್ಲ. ಅವರು ವಾರವಿಡೀ ಹೆಣೆದ ಬುಟ್ಟಿ, ತಡ್ಪೆಗಳು ಸಂತೆಯಲ್ಲಿ ಮಾರಾಟವಾದರೆ ಮಾತ್ರ ಆ ಮನೆಗೆ ಅಕ್ಕಿ ಬರುತ್ತದೆ. ಅವರನ್ನು ಬಿಟ್ಟರೆ ಆ ಕಾಲನಿಯಲ್ಲಿ ಹಳೆಯ ಮಾತನ್ನು ಮಕ್ಕಳಿಗೆ ತಡವರಿಸದೆ ಹೇಳಿಕೊಡಬಲ್ಲವರು ಇನ್ನೊಬ್ಬರೇ ಇದ್ದಾರೆ. ಇಡೀ ಯೋಜನೆ ನಿಂತಿರುವುದೇ ಈ ಇಬ್ಬರ ಮೇಲೆ. ಆದರೆ ಆ ಅರ್ಜಿಯಲ್ಲಿ ಯಂತ್ರಕ್ಕೆ, ಮುದ್ರಣಾಲಯಕ್ಕೆ, ಚಪ್ಪರದವರಿಗೆ, ಮೈಕಿನವರಿಗೆಲ್ಲ ಹಣವಿದ್ದು ಈ ಇಬ್ಬರಿಗೆ ಮಾತ್ರ ಇರಲಿಲ್ಲ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಕೊರಗ ಭಾಷೆಯ ಬಗ್ಗೆ ಕರಾವಳಿಯಲ್ಲೇ ಹುಟ್ಟಿ ಬೆಳೆದ ಅನೇಕರಿಗೆ ತಿಳಿದಿಲ್ಲ. ಕೊರಗರ ಮಾತು ತುಳುವಿನ ಒಂದು ಬಗೆಯೆಂದು ನಾನೂ ಬಹುಕಾಲ ನಂಬಿದ್ದೆ. ಅದು ಬೇರೆಯೇ ಒಂದು ದ್ರಾವಿಡ ಭಾಷೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಒಂಟಿ, ತಪ್ಪು, ಮುಡು ಎಂಬ ಅದರ ಮೂರು ಉಪಭಾಷೆಗಳನ್ನು ಗುರುತಿಸಿ ಬರೆದ ವ್ಯಾಕರಣ 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳಲ್ಲಿ ಹರಡಿರುವ ಈ ಸಮುದಾಯದ ಜನಸಂಖ್ಯೆ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 15 ಸಾವಿರ. ಅವರೆಲ್ಲರೂ ಕೊರಗ ಭಾಷೆಯನ್ನಾಡುವವರಲ್ಲ. ಹೆಚ್ಚಿನ ಮನೆಗಳಲ್ಲಿ ತುಳು ಅಥವಾ ಕನ್ನಡ ಆ ಜಾಗಕ್ಕೆ ಬಂದಾಗಿದೆ. 10 ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳನ್ನು ಜನಗಣತಿಯು 1971ರಿಂದೀಚೆಗೆ ಬಿಡಿಬಿಡಿಯಾಗಿ ಪ್ರಕಟಿಸುತ್ತಿಲ್ಲ. ಲೆಕ್ಕದ ಪಟ್ಟಿಯಲ್ಲಿ ಹೆಸರಿಲ್ಲದ ಭಾಷೆಗೆ ಬಜೆಟ್ಟಿನಲ್ಲಿ ಹೆಸರು ಬರುವುದು ಎಷ್ಟು ಕಷ್ಟವೆಂಬುದು ಕಚೇರಿಯ ಕಡತಗಳನ್ನು ನೋಡಿದವರಿಗೆ ಗೊತ್ತಿರುತ್ತದೆ.

ಭಾಷೆ ಹೀಗೆ ಹಿಂದೆ ಸರಿದದ್ದಕ್ಕೆ ಕಾರಣವನ್ನು ಆ ಸಮುದಾಯದೊಳಗೆ ಹುಡುಕುವುದು ಅನ್ಯಾಯ. ಕೊರಗರನ್ನು ಕೀಳೆಂದು ಕಂಡು ಅವಮಾನಕರ ಸೇವೆಗಳನ್ನು ಮಾಡಿಸುತ್ತಿದ್ದ ಅಜಲು ಪದ್ಧತಿಯ ಹೆಸರಿನಲ್ಲಿ ಅವರನ್ನು ಹೇಗೆ ನಡೆಸಿಕೊಂಡಿದ್ದೇವೆ ಎಂಬುದು ನಮ್ಮ ಜಿಲ್ಲೆಯ ನಾಚಿಕೆಯ ಚರಿತ್ರೆ. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದೇ 2000ನೇ ಇಸವಿಯಲ್ಲಿ. ಬಾಯಿ ತೆರೆದ ಕೂಡಲೇ ಜಾತಿ ಗೊತ್ತಾಗಿ ಅವಮಾನವಾಗುವ ಕಡೆ ಯಾವ ತಾಯಿಯಾದರೂ ತನ್ನ ಮಗುವಿಗೆ ಆ ಮಾತನ್ನು ಕಲಿಸಲು ಹಿಂಜರಿಯುತ್ತಾಳೆ. ಬಸ್ಸಿನಲ್ಲಿ, ಶಾಲೆಯಲ್ಲಿ, ಸಂತೆಯಲ್ಲಿ ತುಳುವಾಡಿ, ಹೊರಗಿನವರ ಕಿವಿ ದೂರವಾದ ಮೇಲಷ್ಟೇ ತಮ್ಮ ಮಾತನ್ನಾಡುವುದು ಅವರಿಗೆ ಅಭ್ಯಾಸವಾಗಿತ್ತೆಂದು ಆ ಹಿರಿಯರೇ ನನಗೆ ಹೇಳಿದರು. ಹೀಗೆ ಮುಚ್ಚಿಟ್ಟುಕೊಂಡು ಉಳಿಸಿಕೊಂಡ ಭಾಷೆಯನ್ನು ನಾವು ಈಗ ಉಚಿತವಾಗಿ ಕೊಡಿ ಎಂದು ಕೇಳುತ್ತಿದ್ದೇವೆ.

ಹಣವೇ ಇಲ್ಲವೆಂದು ಹೇಳಲಾಗದು. ಕೇಂದ್ರ ಸರ್ಕಾರವು 2013ರಲ್ಲಿ, 10 ಸಾವಿರಕ್ಕಿಂತ ಕಡಿಮೆ ಜನರಾಡುವ ಅಳಿವಿನಂಚಿನ ಭಾಷೆಗಳ ರಕ್ಷಣೆಗೆಂದು ಒಂದು ಯೋಜನೆಯನ್ನು ಆರಂಭಿಸಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ವಹಿಸಿತು. ವ್ಯಾಕರಣ, ನಿಘಂಟು, ಜನಾಂಗದ ಪರಿಚಯ ಇವುಗಳನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಅದು ಆಗಲೇಬೇಕಾದ ಕೆಲಸ. ಆದರೆ ದಾಖಲಿಸುವುದೂ ಮತ್ತೆ ಬಾಯಿಗೆ ತರುವುದೂ ಎರಡು ಬೇರೆ ಕೆಲಸಗಳು. ನಿಘಂಟು ಕಪಾಟಿನಲ್ಲಿ ಉಳಿಯುತ್ತದೆ. ಐದು ವರ್ಷದ ಮಗುವಿಗೆ ಬೇಕಾದದ್ದು ಗದರಿಸುವ, ಮುದ್ದಿಸುವ, ಊಟಕ್ಕೆ ಕರೆಯುವ ಒಬ್ಬ ಮನುಷ್ಯ. ಈ ಎರಡನೆಯ ಕೆಲಸಕ್ಕೆ ಬಿಲ್ಲು ಇರುವುದಿಲ್ಲ, ಕೊಟೇಶನ್ ಇರುವುದಿಲ್ಲ, ಮಾರ್ಚ್ 31ರೊಳಗೆ ಮುಗಿಸಿ ಬಳಕೆ ಪ್ರಮಾಣಪತ್ರ ಕೊಡಲೂ ಆಗುವುದಿಲ್ಲ. ಆದ್ದರಿಂದಲೇ ಅನುದಾನ ಕೊಡುವವರಿಗೆ ಮೊದಲನೆಯದು ಸುಲಭವಾಗಿ ಒಪ್ಪಿಗೆಯಾಗುತ್ತದೆ.

ಹೊರದೇಶಗಳಲ್ಲಿ ಇದನ್ನು ಹೇಗೆ ಮಾಡಿದ್ದಾರೆಂದು ಓದುತ್ತ ಹೋದಾಗ ನನ್ನ ಗಮನಕ್ಕೆ ಬಂದದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಹಣ ಹೋಗಿ ತಲುಪುವ ಜಾಗ. ನ್ಯೂಜಿಲೆಂಡಿನಲ್ಲಿ ಮೂಲನಿವಾಸಿಗಳಾದ ಮಾವೊರಿ ಜನರು 1982ರಲ್ಲಿ 'ಕೋಹಂಗ ರೇಒ' ಎಂಬ ಶಿಶುಕೇಂದ್ರಗಳನ್ನು ಆರಂಭಿಸಿದರು. ಭಾಷೆಯ ಗೂಡು ಎಂದು ಆ ಹೆಸರಿನ ಅರ್ಥ. ಅಲ್ಲಿ ಅಜ್ಜ ಅಜ್ಜಿಯಂದಿರು ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳೊಂದಿಗೆ ಇಡೀ ದಿನ ಮಾವೊರಿಯಲ್ಲೇ ಮಾತನಾಡುತ್ತಿದ್ದರು. ಮಾವೊರಿ ಅಲ್ಲಿನ ಅಧಿಕೃತ ಭಾಷೆಯಾದದ್ದು ಅದಾಗಿ ಐದು ವರ್ಷಗಳ ಬಳಿಕ, 1987ರಲ್ಲಿ. ಮನೆ ಮತ್ತು ಸಮುದಾಯದ ಮಟ್ಟದ ಭಾಷಾ ಕೆಲಸಕ್ಕೆ ಹಣ ಹಂಚಲು 2016ರ ಕಾಯ್ದೆಯ ಮೂಲಕ ಒಂದು ಪ್ರತ್ಯೇಕ ಮಂಡಳಿ ರಚನೆಯಾಯಿತು; ಅದರ ಹದಿಮೂರು ಸದಸ್ಯರಲ್ಲಿ ಸರ್ಕಾರ ನೇಮಿಸುವವರು ಇಬ್ಬರೇ, ಉಳಿದವರು ಮಾವೊರಿ ಜನರೇ ಆರಿಸಿ ಕಳುಹಿಸಿದವರು. ಕ್ಯಾಲಿಫೋರ್ನಿಯಾದಲ್ಲಿ ಬೆರಳೆಣಿಕೆಯ ಮಾತುಗಾರರಷ್ಟೇ ಉಳಿದ ಮೂಲನಿವಾಸಿ ಭಾಷೆಗಳಿಗಾಗಿ 1990ರ ದಶಕದಲ್ಲಿ ಗುರು ಶಿಷ್ಯರ ಜೋಡಿಯ ಒಂದು ಪದ್ಧತಿ ಆರಂಭವಾಯಿತು. ಒಬ್ಬ ಹಿರಿಯ, ಒಬ್ಬ ಕಿರಿಯ. ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ, ವಾರಕ್ಕೆ ಹಲವು ಗಂಟೆ ಇಂಗ್ಲಿಷ್ ಬಿಟ್ಟು ತಮ್ಮ ಭಾಷೆಯಲ್ಲೇ ಬದುಕಬೇಕು. ಆ ಸಮಯಕ್ಕಾಗಿ ಇಬ್ಬರಿಗೂ ಭತ್ಯೆ ಕೊಡುತ್ತಾರೆ. ಕಲಿಯುವವರಿಗೂ ಕೊಡುತ್ತಾರೆಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಯೋಚಿಸಿದಾಗ ಅದು ಅತ್ಯಂತ ನ್ಯಾಯವಾಗಿ ಕಂಡಿತು, ಏಕೆಂದರೆ ಬಡವರ ಮನೆಯ ಯುವಕನಿಗೆ ಕಲಿಕೆಗೆ ಕೊಟ್ಟ ಪ್ರತಿಯೊಂದು ಗಂಟೆಯೂ ಕೂಲಿ ತಪ್ಪಿದ ಗಂಟೆಯೇ.

ನಮ್ಮ ಉಡುಪಿಯಲ್ಲೂ ಭಾಷೆಗೆ ತಾಳ್ಮೆಯಿಂದ ಹಣ ಕೊಟ್ಟ ಉದಾಹರಣೆ ಇದೆ. ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ನಡೆದ ತುಳು ನಿಘಂಟಿನ ಕೆಲಸ 1979ರಲ್ಲಿ ಆರಂಭವಾಗಿ, ಆರನೆಯ ಸಂಪುಟ ಹೊರಬಂದದ್ದು 1997ರಲ್ಲಿ. ಹದಿನೆಂಟು ವರ್ಷ ಒಂದು ಯೋಜನೆಯ ಬೆನ್ನಿಗೆ ನಿಲ್ಲುವುದು ಸಣ್ಣ ಮಾತಲ್ಲ. ತುಳುವಿಗೆ 2011ರ ಜನಗಣತಿಯಂತೆ ಸುಮಾರು 18.5 ಲಕ್ಷ ಮಾತುಗಾರರಿದ್ದಾರೆ, 1994ರಿಂದ ಅಕಾಡೆಮಿ ಇದೆ, ಈಗ ಯುನಿಕೋಡಿನಲ್ಲಿ ಲಿಪಿಯೂ ಇದೆ. ಕೊಂಕಣಿಗೂ ಬ್ಯಾರಿಗೂ ಅಕಾಡೆಮಿಗಳಿವೆ. ಮನೆಯಲ್ಲಿ ತುಳುವನ್ನೇ ಆಡುವ ನನಗೆ ಇವೆಲ್ಲ ಸಂತೋಷದ ಸಂಗತಿಗಳು. ಆದರೆ ತುಳುವಿಗೆ ಸಂವಿಧಾನದ ಎಂಟನೆಯ ಪರಿಚ್ಛೇದದ ಸ್ಥಾನ ಬೇಕೆಂದು ಕೇಳುವ ನಾವು, ನಮ್ಮ ಅಂಗಳದಾಚೆಯ ಈ ಚಿಕ್ಕ ಭಾಷೆಯ ಪರವಾಗಿಯೂ ಅದೇ ಧ್ವನಿಯಲ್ಲಿ ಕೇಳಬೇಕು. ದೆಹಲಿಯ ಮುಂದೆ ತುಳು ಎಷ್ಟು ಚಿಕ್ಕದೋ ತುಳುವಿನ ಮುಂದೆ ಕೊರಗ ಭಾಷೆ ಅದಕ್ಕಿಂತಲೂ ಚಿಕ್ಕದು.

ಖಾಸಗಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಕೇಳಬಹುದಲ್ಲವೇ ಎಂದು ಹಲವರು ಸಲಹೆ ಕೊಟ್ಟರು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಖರ್ಚು ಮಾಡಬೇಕು, ಸಂಸ್ಕೃತಿಯ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ ಹಣ ಪಡೆಯುವ ಸಂಸ್ಥೆಗೆ ನೋಂದಣಿ ಬೇಕು, ತೆರಿಗೆ ಇಲಾಖೆಯ ಪ್ರಮಾಣಪತ್ರಗಳು ಬೇಕು, ಸಾಮಾನ್ಯವಾಗಿ ಮೂರು ವರ್ಷಗಳ ಕೆಲಸದ ದಾಖಲೆ ಬೇಕು. ವಿದೇಶಿ ನೆರವಾದರೆ ವಿದೇಶಿ ವಂತಿಗೆ ಕಾಯ್ದೆಯ ಅನುಮತಿ ಬೇಕು. ಕಾಲನಿಯ ಹತ್ತು ಯುವಕರ ಗುಂಪಿಗೆ ಇವೆಲ್ಲ ದಾಟಲಾಗದ ಬೇಲಿ. ಆಗ ಮಧ್ಯದಲ್ಲಿ ಪಟ್ಟಣದ ಒಂದು ಸಂಸ್ಥೆ ಬರುತ್ತದೆ, ಹಣ ಅದರ ಖಾತೆಗೆ ಹೋಗುತ್ತದೆ, ಏನು ಮಾಡಬೇಕೆಂಬ ತೀರ್ಮಾನವೂ ಅದರ ಜೊತೆಗೇ ಹೋಗುತ್ತದೆ. ಆ ಸಂಸ್ಥೆಯವರು ಒಳ್ಳೆಯವರೇ ಆಗಿದ್ದರೂ ಹಾಗಾಗುತ್ತದೆ.

ಅದಕ್ಕಿಂತ ಹತ್ತಿರದ ದಾರಿಯೊಂದು ನಮ್ಮ ಕಣ್ಣೆದುರಿಗೇ ಇದೆಯೆಂದು ನನ್ನ ಅಭಿಪ್ರಾಯ. ದೇಶದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ 75 ಸಮುದಾಯಗಳಿವೆ; ಕರ್ನಾಟಕದಲ್ಲಿ ಕೊರಗರು ಮತ್ತು ಜೇನುಕುರುಬರು. ಇವರಿಗಾಗಿ 2023ರ ನವೆಂಬರ್ 15ರಂದು ಪಿಎಂ ಜನಮನ್ ಯೋಜನೆ ಆರಂಭವಾಯಿತು. ಮನೆ, ರಸ್ತೆ, ನೀರು, ವಿದ್ಯುತ್, ಸಂಚಾರಿ ವೈದ್ಯಕೀಯ ಘಟಕ ಹೀಗೆ ಅದರಲ್ಲಿ ಹನ್ನೊಂದು ಅಂಶಗಳಿವೆ, ಭಾಷೆ ಅವುಗಳಲ್ಲಿಲ್ಲ. ಆದರೆ ಅಂಗನವಾಡಿಯಿದೆ, ಬಹೂಪಯೋಗಿ ಕೇಂದ್ರವಿದೆ. ಕೊರಗ ಮಕ್ಕಳು ಬರುವ ಅಂಗನವಾಡಿಯಲ್ಲಿ ಭಾಷೆ ಬಲ್ಲ ಒಬ್ಬ ಅಜ್ಜಿಯನ್ನು ಗೌರವಧನದ ಮೇಲೆ ದಿನಕ್ಕೆ ಮೂರು ಗಂಟೆ ಕೂರಿಸಿದರೆ ಭಾಷೆಯ ಗೂಡು ಅಲ್ಲೇ ಆಗುತ್ತದೆ. ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ. ಬುಡಕಟ್ಟು ಉಪಯೋಜನೆಯ ಹಣವನ್ನು ಜನಸಂಖ್ಯೆಗನುಗುಣವಾಗಿ ತೆಗೆದಿಡಬೇಕೆಂದು ರಾಜ್ಯದಲ್ಲಿ 2013ರ ಕಾಯ್ದೆಯೇ ಇದೆ. ಅದರಡಿ ಈ ಗೌರವಧನಕ್ಕೆ ಒಂದು ಬಾಬು ತೆರೆಯುವಂತೆ ಜಿಲ್ಲೆಯ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ (ಐಟಿಡಿಪಿ) ಕಚೇರಿಯ ಮೂಲಕ ಮನವಿ ಸಲ್ಲಿಸಲು ಯುವಕರು ಈಗ ಸಿದ್ಧತೆ ನಡೆಸಿದ್ದಾರೆ.

ಹಾಗಾದರೆ ಎಷ್ಟು ಹಣ ಬೇಕು? ಅಂದಿನ ಸಂಜೆ ಅರ್ಜಿಯನ್ನು ಮಡಚಿಟ್ಟು ನಾವೇ ಲೆಕ್ಕ ಹಾಕಿದೆವು. ಇಬ್ಬರು ಹಿರಿಯರಿಗೆ ಸಂಜೆಯೊಂದಕ್ಕೆ ತಲಾ 400 ರೂಪಾಯಿ, ವಾರಕ್ಕೆ ಮೂರು ಸಂಜೆ, ವರ್ಷಕ್ಕೆ 48 ವಾರ: 1,15,200 ರೂಪಾಯಿ. ಹನ್ನೆರಡು ಮಕ್ಕಳ ಅವಲಕ್ಕಿ, ಬಾಳೆಹಣ್ಣು, ಚಹಾಕ್ಕೆ ಮಗುವಿಗೆ 25 ರೂಪಾಯಿಯಂತೆ 43,200. ಮಕ್ಕಳನ್ನು ಸೇರಿಸಿ, ಹಾಜರಿ ಬರೆದು, ತಾನೂ ಕಲಿಯುವ ಕಾಲನಿಯ ಒಬ್ಬ ಯುವತಿಗೆ ತಿಂಗಳಿಗೆ 6,000ದಂತೆ 72,000. ಒಟ್ಟು 2,30,400 ರೂಪಾಯಿ. ಹಿಂದೊಮ್ಮೆ ಭಾಷೆ, ಸಂಸ್ಕೃತಿಯ ಹೆಸರಿನಲ್ಲಿ ಒಂದೇ ದಿನ ನಡೆದ ಸಮಾರಂಭವೊಂದರ ಲೆಕ್ಕಪತ್ರವನ್ನು ನಾನು ಪರಿಶೀಲಿಸಿದ್ದೆ. ಚಪ್ಪರ, ಧ್ವನಿವರ್ಧಕ, ಊಟ, ಸ್ಮರಣಿಕೆಗಳಿಗೇ ಇದಕ್ಕಿಂತ ಹೆಚ್ಚು ಖರ್ಚಾಗಿತ್ತು.

ಈ ಕೂಲಿಯನ್ನೂ ಸೇರಿಸಿ ಕಳುಹಿಸಿದ ಅರ್ಜಿಗೆ ಬಂದ ಉತ್ತರ ಎರಡು ಸಾಲಿನದು: ಕೂಲಿ ಪಾವತಿಗೆ ನಿಯಮದಲ್ಲಿ ಅವಕಾಶವಿಲ್ಲ, ಉಪಕರಣ ಮತ್ತು ಮುದ್ರಣಕ್ಕೆ ಸೀಮಿತಗೊಳಿಸಿ ಮತ್ತೆ ಸಲ್ಲಿಸಬಹುದು. ಯುವಕರು ಮತ್ತೆ ಸಲ್ಲಿಸಲಿಲ್ಲ. ಅವರ ಆ ತೀರ್ಮಾನದಿಂದ ನನಗೆ ಮೊದಲು ಬೇಸರವಾಯಿತು. ಕೈಗೆ ಬಂದಷ್ಟನ್ನು ಬಿಡಬಾರದು ಎಂಬುದು ಬ್ಯಾಂಕಿನವನ ಬುದ್ಧಿ. ಅವರ ಕಾರಣವನ್ನು ಕೇಳಿದ ಮೇಲೆ ಒಪ್ಪಿಕೊಂಡೆ. ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡರೆ ಅದರ ಒಂದು ಪ್ರತಿಯನ್ನು ಹಣ ಕೊಟ್ಟವರಿಗೆ ಒಪ್ಪಿಸಬೇಕೆಂಬ ಷರತ್ತಿತ್ತು, ಆಮೇಲೆ ಅದನ್ನು ಯಾರು ಎಲ್ಲಿ ಕೇಳಿಸುತ್ತಾರೆಂಬುದರ ಮೇಲೆ ಹಿರಿಯರಿಗೆ ಯಾವ ಹಿಡಿತವೂ ಇರುತ್ತಿರಲಿಲ್ಲ.

ನಾವು ತಿಂಗಳಿಗೆ 300 ರೂಪಾಯಿ ಕೊಡುವ 64 ಜನರನ್ನು ಹುಡುಕಲು ಹೊರಟೆವು. ಅಷ್ಟು ಜನ ಸಿಕ್ಕರೆ ವರ್ಷದ ಮೊತ್ತ ಸರಿಯಾಗಿ ತುಂಬುತ್ತದೆ. ಈವರೆಗೆ 41 ಜನ ಸಿಕ್ಕಿದ್ದಾರೆ. ಹೆಚ್ಚಿನವರು ನನ್ನ ಹಳೆಯ ಸಹೋದ್ಯೋಗಿಗಳು, ಕೆಲವರು ಮುಂಬೈಯಲ್ಲಿರುವ ಊರಿನವರು. ತಿಂಗಳಿಗೆ ಬರುವ 12,300 ರೂಪಾಯಿಯಲ್ಲಿ ವಾರಕ್ಕೆ ಮೂರರ ಬದಲು ಎರಡು ಸಂಜೆ ನಡೆಯುತ್ತಿದೆ. ಹಿರಿಯರ 400 ರೂಪಾಯಿಯನ್ನಾಗಲಿ ಮಕ್ಕಳ ಅವಲಕ್ಕಿಯನ್ನಾಗಲಿ ಕಡಿಮೆ ಮಾಡಿಲ್ಲ, ಯುವತಿಗೆ ಮಾತ್ರ ಸದ್ಯ 3,500 ಸಿಗುತ್ತಿದೆ. ಆ ಕೊರತೆಯನ್ನು ತುಂಬಲು ಇನ್ನೂ 23 ಜನ ಬೇಕು.

ಮೊದಲ ತಿಂಗಳು ವೋಚರ್ ಬರೆಯುವಾಗ ಯಾವ ಬಾಬ್ತು ಎಂಬಲ್ಲಿ ಏನು ಬರೆಯಬೇಕೆಂದು ನಾನು ಕೇಳಿದೆ. 'ಸಹಾಯಧನ' ಎಂದು ಒಬ್ಬ ಯುವಕ ಹೇಳಿದ. ಆ ಹಿರಿಯ ಮಹಿಳೆ ಒಪ್ಪಲಿಲ್ಲ, 'ಕಲಿಸಿದ್ದಕ್ಕೆ' ಎಂದು ಬರೆಯಿಸಿ, ಅದನ್ನು ಓದಿ ಹೇಳಿಸಿಕೊಂಡು ಹೆಬ್ಬೆಟ್ಟು ಒತ್ತಿದರು. ಕಳೆದ ತಿಂಗಳಿಂದ ಬ್ಯಾಂಕ್ ಖಾತೆಯ ಸಹಿಯಲ್ಲಿ ನನ್ನ ಹೆಸರಿಲ್ಲ. ಕಾಲನಿಯ ಇಬ್ಬರು ಮಹಿಳೆಯರ ಜಂಟಿ ಸಹಿಯಿದೆ. ನಾನು ಮೂರು ತಿಂಗಳಿಗೊಮ್ಮೆ ಹೋಗಿ, ಅವರು ತೋರಿಸಿದ ಲೆಕ್ಕವನ್ನು ನೋಡಿ ಬರುತ್ತೇನೆ.